ಕಬ್ಬು ಎದ್ದರೆ ನೆಟ್ ಮಲಗುವುದೇಕೆ?

ಓದುಗರ ಪ್ರಶ್ನೆ, ತಂತ್ರಜ್ಞರ ಉತ್ತರ

ನಿಸ್ತಂತು ಬ್ರಾಡ್‌ಬ್ಯಾಂಡ್ ಬಗ್ಗೆ ಮೈಸೂರು, ಮಂಡ್ಯ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಏಳನ್ನು ಇಲ್ಲಿ ತೆಗೆದುಕೊಂಡಿದ್ದೇವೆ. ಮೊದಲನೆಯದಕ್ಕೆ ಜಾಗ ಜಾಸ್ತಿ ಹೋಗಿದೆ. ಉಳಿದ ಪ್ರಶ್ನೆಗಳ ಬೇರು ಅದರಲ್ಲೇ ಇರುವುದರಿಂದ ಅದನ್ನು ಮೊಟಕು ಮಾಡಲಿಲ್ಲ.

ಪ್ರಶ್ನೆ: ಊರ ಮನೆಯಲ್ಲಿ ಫೈಬರ್ ಇದೆ. ಅಲ್ಲಿಂದ 4 ಕಿ.ಮೀ. ದೂರದ ಆಲೆಮನೆಗೆ 5.8 ಗಿಗಾಹರ್ಟ್ಸ್‌ನ ಎರಡು ಡಿಶ್ ಹಾಕಿ ನೆಟ್ ಒಯ್ದಿದ್ದೇವೆ. ಕ್ಯಾಮೆರಾ, ತೂಕದ ಲೆಕ್ಕ, ಯುಪಿಐ ಎಲ್ಲ ಅದರ ಮೇಲೆಯೇ. ಕಟಾವಾದ ಮೇಲೆ ಸಿಗ್ನಲ್ ಮೈನಸ್ 64 ಡಿಬಿಎಂ ಇತ್ತು. ಈಗ ಕಬ್ಬು ಸೂಲಂಗಿಗೆ ಬರುವ ಹೊತ್ತಿಗೆ ಮೈನಸ್ 78. ಡಿಶ್ ಮನೆ ಕಡೆ ನೆಲದಿಂದ 6 ಮೀಟರ್, ಆಲೆಮನೆ ಕಡೆ 4 ಮೀಟರ್ ಎತ್ತರದಲ್ಲಿದೆ. ಎರಡರ ಗೇನ್ (ಅಲೆಯನ್ನು ಒಂದೇ ಕಡೆಗೆ ಕೂಡಿಸುವ ಬಲ) 23 ಡಿಬಿಐ, ರೇಡಿಯೊ ಶಕ್ತಿ 10 ಡಿಬಿಎಂ. ಹಾಕಿಕೊಟ್ಟವರು ದೊಡ್ಡ ಡಿಶ್ ತನ್ನಿ ಅನ್ನುತ್ತಿದ್ದಾರೆ. ತರಬೇಕೆ?
(ಪಾಂಡವಪುರ ತಾಲ್ಲೂಕು)

ಬೇಡ. ಆ ದುಡ್ಡನ್ನು ಕಂಬಕ್ಕೆ ಹಾಕಿ.

ಡಿಶ್‌ನದು ತಪ್ಪಿಲ್ಲ ಎಂಬುದಕ್ಕೆ ನೀವು ಕೊಟ್ಟ ಅಂಕಿಗಳೇ ಸಾಕ್ಷಿ. ನಡುವೆ ಏನೂ ಅಡ್ಡವಿಲ್ಲದಿದ್ದರೂ 4 ಕಿ.ಮೀ. ಸಾಗುವಷ್ಟರಲ್ಲಿ 5.8 ಗಿಗಾಹರ್ಟ್ಸ್ ಅಲೆ ಸುಮಾರು 120 ಡೆಸಿಬೆಲ್ ಸೊರಗುತ್ತದೆ. ಡೆಸಿಬೆಲ್ ಎಂದರೆ ಶಕ್ತಿಯ ಏರಿಳಿತದ ಅಳತೆ, ಮೂರು ಇಳಿದರೆ ಶಕ್ತಿ ಅರ್ಧ; ಡಿಬಿಎಂ, ಡಿಬಿಐ ಅದರದೇ ರೂಪಗಳು. ರೇಡಿಯೊದ 10, ಆ ಕಡೆಯ ಡಿಶ್‌ನ 23, ಈ ಕಡೆಯ 23 ಕೂಡಿಸಿ 120 ಕಳೆಯಿರಿ: ಮೈನಸ್ 64. ಕಟಾವಾದ ಮೇಲೆ ನಿಮಗೆ ಸಿಕ್ಕಿದ್ದೂ ಅಷ್ಟೇ. ಅಂದರೆ ಡಿಶ್‌ಗಳ ಮುಖ ಸರಿಯಾಗಿದೆ, ತಂತಿ ಸರಿಯಾಗಿದೆ, ರೇಡಿಯೊ ಸರಿಯಾಗಿದೆ. ಈಗ ಕಡಿಮೆಯಾಗಿರುವ 14 ಡೆಸಿಬೆಲ್ ಪೂರ್ತಿ ಗದ್ದೆಯ ಪಾಲು.

ಕಣ್ಣಿಗೆ ಆ ಕಡೆಯ ಡಿಶ್ ಕಾಣುತ್ತದಲ್ಲ ಎಂದು ಎಲ್ಲರೂ ಕೇಳುತ್ತಾರೆ. ಕಣ್ಣಿಗೆ ಗೆರೆಯಷ್ಟು ದಾರಿ ಸಾಕು. ಅಲೆಗೆ ಎರಡು ತುದಿ ಚೂಪಾಗಿ ನಡುವೆ ಉಬ್ಬಿದ ಸೌತೆಕಾಯಿಯಂಥ ಜಾಗ ಬೇಕು. ಇದಕ್ಕೆ ಫ್ರೆನೆಲ್ ವಲಯ ಎನ್ನುತ್ತಾರೆ. 4 ಕಿ.ಮೀ.ಗೆ, ಈ ಆವರ್ತನಕ್ಕೆ, ನಟ್ಟ ನಡುವೆ ಅದರ ತ್ರಿಜ್ಯ 7.2 ಮೀಟರ್. ಅದರಲ್ಲಿ ಶೇ 60ರಷ್ಟಾದರೂ, ಅಂದರೆ 4.3 ಮೀಟರ್, ಗೆರೆಯ ಕೆಳಗೆ ಖಾಲಿ ಇರಬೇಕು. ನಿಮ್ಮಲ್ಲಿ ಒಂದು ತುದಿ 6, ಇನ್ನೊಂದು 4; ನಡುವೆ ಗೆರೆ 5 ಮೀಟರ್ ಎತ್ತರದಲ್ಲಿ ಹೋಗುತ್ತದೆ. ಕಟಾವಾದ ಗದ್ದೆಯ ಮೇಲೆ ಅದು ಸಾಕು. ಬೆಳೆದ ಕಬ್ಬು ಮೂರೂವರೆ ಮೀಟರ್ ನುಂಗಿತು, ಭೂಮಿಯ ಉಬ್ಬು ಇನ್ನೊಂದು ಕಾಲು ಮೀಟರ್. ಉಳಿದದ್ದು 1.25 ಮೀಟರ್. ಒಂದೇ ಒಂದು ಮರ ಆ ಮಟ್ಟದಲ್ಲಿ ಅಡ್ಡ ಬಂದಿದ್ದರೆ ಮೂರ್ನಾಲ್ಕು ಡೆಸಿಬೆಲ್ ಹೋಗುತ್ತಿತ್ತು. ನಿಮ್ಮ ದಾರಿಯುದ್ದಕ್ಕೂ ನೀರು ತುಂಬಿದ ಹಸಿರು ಚಾಪೆಯೇ ಇದೆ, ಅದಕ್ಕೇ 14.

ದೊಡ್ಡ ಡಿಶ್ ಈ ಅಡ್ಡಿಯನ್ನು ತೆಗೆಯುವುದಿಲ್ಲ. ಜೊತೆಗೆ ಹೊರಸೂಸುವ ಒಟ್ಟು ಶಕ್ತಿಗೆ ಕಾನೂನಿನ ಮಿತಿ ಇದೆ; ಡಿಶ್ ದೊಡ್ಡದಾದಷ್ಟೂ ರೇಡಿಯೊ ಶಕ್ತಿಯನ್ನು ಇಳಿಸಬೇಕಾದೀತು. 5 ಗಿಗಾಹರ್ಟ್ಸ್‌ನ ಈ ಪಟ್ಟಿಗಳು 2018ರ ಅಕ್ಟೋಬರ್‌ನಿಂದ ಪರವಾನಗಿ ಬೇಕಿಲ್ಲದವು. ಆದರೆ ರೇಡಿಯೊಗೆ ಕೇಂದ್ರ ದೂರಸಂಪರ್ಕ ಇಲಾಖೆಯ ತರಂಗ ವಿಭಾಗವಾದ ಡಬ್ಲ್ಯುಪಿಸಿ ಕೊಡುವ ಇಟಿಎ ಎಂಬ ಸಲಕರಣೆ ಅನುಮೋದನೆ ಇರಬೇಕು, ಸೆಟ್ಟಿಂಗ್‌ನಲ್ಲಿ ದೇಶ 'ಇಂಡಿಯಾ' ಎಂದೇ ಇರಬೇಕು. ಬೇರೆ ದೇಶ ಹಾಕಿ ಶಕ್ತಿ ಏರಿಸುವ ಚಾಳಿ ಕೆಲವು ಹಾಕುವವರಿಗೆ ಇದೆ. ನೋಡಿಕೊಳ್ಳಿ.

ಮಾಡಬೇಕಾದದ್ದು ಇಷ್ಟು: ಎರಡೂ ತುದಿಯನ್ನು ನೆಲದಿಂದ 9 ಮೀಟರ್‌ಗೆ ಏರಿಸಿ. ಆಗ ಕಬ್ಬು, ಉಬ್ಬು ಎರಡನ್ನೂ ಕಳೆದು 5.25 ಮೀಟರ್ ಉಳಿಯುತ್ತದೆ. ಆಲೆಮನೆ ಕಡೆಗೆ 6 ಮೀಟರ್ ಉದ್ದದ ಎರಡು ಜಿಐ ಪೈಪ್ ಸಾಕು. ಕೆಳಗಿನದು 2 ಇಂಚಿನದು, 1 ಮೀಟರ್ ಕಾಂಕ್ರೀಟಿನಲ್ಲಿ ಹೂತಿರಲಿ. ಮೇಲಿನದು ಒಂದೂವರೆ ಇಂಚಿನದು, 1 ಮೀಟರ್ ಒಳಗೆ ಇಳಿಸಿ ಎರಡು ಕಡೆ ಆರುಪಾರು ಬೋಲ್ಟ್ ಹಾಕಿಸಿ. ನೆಲದ ಮೇಲೆ 10 ಮೀಟರ್ ಸಿಗುತ್ತದೆ. ಮೂರು ದಿಕ್ಕಿಗೆ ಸಮನಾಗಿ, ಎರಡು ಮಟ್ಟದಲ್ಲಿ ಬಿಗಿತಂತಿ ಎಳೆಯಿರಿ. ಗೂಟ ಬುಡದಿಂದ 5 ಮೀಟರ್ ದೂರದಲ್ಲಿರಲಿ. ಕಂಬ ಬಾಗುವುದಕ್ಕಿಂತ ತಿರುಗುವುದು ಕೆಟ್ಟದ್ದು. 23 ಡಿಬಿಐ ಡಿಶ್‌ನ ಕಿರಣ ಸುಮಾರು 12 ಡಿಗ್ರಿ ಅಗಲ, ಆರು ಡಿಗ್ರಿ ತಿರುಗಿದರೆ ಶಕ್ತಿ ಅರ್ಧವಾಯಿತು. ಮೇಲಿನ ಪೈಪ್ ಕೆಳಗಿನದರೊಳಗೆ ಸಡಿಲವಾಗಿ ಆಡುತ್ತಿದ್ದರೆ ಒಂದು ಬಿರುಗಾಳಿಗೆ ಅಷ್ಟು ತಿರುಗುತ್ತದೆ, ಆ ಬೋಲ್ಟ್ ಬೇಕಿರುವುದು ಅದಕ್ಕೇ. ಒಲೆಯ ಚಿಮಣಿಗೆ ಮಾತ್ರ ಕಟ್ಟಬೇಡಿ. ಹೊಗೆ ಸಿಗ್ನಲ್ಲಿಗೆ ಏನೂ ಮಾಡದು, ಬಿಸಿ ತಂತಿಯ ಸಿಪ್ಪೆಯನ್ನು ಕರಗಿಸುತ್ತದೆ.

ಚಾನೆಲ್ ಅಗಲ 80 ಮೆಗಾಹರ್ಟ್ಸ್ ಇಟ್ಟಿದ್ದರೆ 20ಕ್ಕೆ ಇಳಿಸಿ. ನಾಲ್ಕು ಪಟ್ಟು ಅಗಲ ಎಂದರೆ 6 ಡೆಸಿಬೆಲ್ ಹೆಚ್ಚು ಗದ್ದಲ. ನಾಲ್ಕಾರು ಕ್ಯಾಮೆರಾಗೆ 20 ಧಾರಾಳ.

ಇನ್ನು ವಿದ್ಯುತ್ತು. ಗಾಣದ ಮೋಟಾರ್ ಎದ್ದಾಗ ವೋಲ್ಟೇಜ್ ಕುಸಿದು ರೇಡಿಯೊ ಮತ್ತೆ ಮೊದಲಿನಿಂದ ಶುರುವಾಗುತ್ತದೆ; ಎರಡು ನಿಮಿಷ ನೆಟ್ ಇಲ್ಲ. ಅದನ್ನು ಬ್ಯಾಟರಿ ಮೇಲೆ ಓಡಿಸಿ. 8 ವ್ಯಾಟ್ ರೇಡಿಯೊಗೆ ದಿನಕ್ಕೆ 192 ವ್ಯಾಟ್-ಅವರ್ ಬೇಕು. ಲೆಡ್ ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಇಳಿಸಬಾರದು, ಆದ್ದರಿಂದ 12 ವೋಲ್ಟ್ 40 ಎಎಚ್. ಸೋಲಾರ್ ಹಾಕುವುದಾದರೆ 75 ವ್ಯಾಟ್ ಫಲಕ ಸಾಕು. ಒಂದು ಎಚ್ಚರಿಕೆ: ಕೆಲವು ರೇಡಿಯೊ 24 ವೋಲ್ಟ್ ಪಿಒಇ (ನೆಟ್ ತಂತಿಯಲ್ಲೇ ಬರುವ ಕರೆಂಟು), ಕೆಲವು 48. ಕಣ್ಣಿಗೆ ಎರಡೂ ಅಡಾಪ್ಟರ್ ಒಂದೇ ಥರ. 24ರದಕ್ಕೆ 48ರದನ್ನು ಚುಚ್ಚಿದರೆ ರೇಡಿಯೊ ಅಲ್ಲಿಗೇ ಮುಗಿಯಿತು. ತಂತಿ ಪೂರ್ತಿ ತಾಮ್ರದ, ಬಿಸಿಲು ತಡೆಯುವ ಕಪ್ಪು ಸಿಪ್ಪೆಯ ಕ್ಯಾಟ್ 5ಇ ಆಗಿರಲಿ. ಅಲ್ಯೂಮಿನಿಯಂ ಮೇಲೆ ತಾಮ್ರ ಬಳಿದದ್ದು ಅಗ್ಗಕ್ಕೆ ಸಿಗುತ್ತದೆ, 40 ಮೀಟರ್ ದಾಟಿದರೆ ವೋಲ್ಟೇಜ್ ತುದಿಗೆ ತಲುಪುವುದಿಲ್ಲ. ತಂತಿ ರೇಡಿಯೊ ಒಳಗೆ ಹೋಗುವ ಮುನ್ನ ಒಂದು ಗೇಣು ಕೆಳಗೆ ಜೋಲುಬಿಟ್ಟು ಮೇಲಕ್ಕೆ ತನ್ನಿ. ಮಳೆನೀರು ಜೋಲಿನ ತಳದಲ್ಲಿ ತೊಟ್ಟಿಕ್ಕಿ ಹೋಗುತ್ತದೆ, ಇಲ್ಲದಿದ್ದರೆ ನೇರ ಪೋರ್ಟಿಗೆ ಇಳಿಯುತ್ತದೆ. ಭರಣಿ ಮಳೆಯ ಗುಡುಗು ಶುರುವಾಗುವ ಮುಂಚೆ ಕಂಬಕ್ಕೆ ಪ್ರತ್ಯೇಕ ಅರ್ಥಿಂಗ್, ತಂತಿಗೆ ಸರ್ಜ್ ಪ್ರೊಟೆಕ್ಟರ್ ಆಗಿರಲಿ.

ಪ್ರಶ್ನೆ: ಮಳೆ ಬಂದಾಗ ನಮ್ಮ ಡಿಶ್ ನೆಟ್ ನಿಧಾನ. ಮಳೆಹನಿಯೇ ಕಾರಣವೆ?
(ಮಳವಳ್ಳಿ)

5 ಗಿಗಾಹರ್ಟ್ಸ್‌ನಲ್ಲಿ ಅಲ್ಲ. ಗಂಟೆಗೆ 50 ಮಿ.ಮೀ. ಸುರಿದರೂ ಕಿಲೋಮೀಟರಿಗೆ ಅರ್ಧ ಡೆಸಿಬೆಲ್ ಮುಟ್ಟದು. 70–80 ಗಿಗಾಹರ್ಟ್ಸ್‌ನ ಕಿರಣಗಳಾದರೆ ಮಳೆ ದೊಡ್ಡ ಶತ್ರು. ನಿಮ್ಮಲ್ಲಿ ನೋಡಬೇಕಾದದ್ದು ಎರಡು: ದಾರಿಯಲ್ಲಿರುವ ತೆಂಗು, ಹೊಂಗೆಗಳ ಒದ್ದೆ ಎಲೆ, ಮತ್ತು ನೀರು ಹೊಕ್ಕ ಕನೆಕ್ಟರ್. ಮಳೆ ನಿಂತ ಕೂಡಲೇ ಸರಿಹೋದರೆ ಎಲೆ. ಎರಡು ದಿನ ಬಿಸಿಲು ಕಂಡ ಮೇಲೆ ಸರಿಹೋದರೆ ಕನೆಕ್ಟರ್.

ಪ್ರಶ್ನೆ: ಚಾಮುಂಡಿ ಬೆಟ್ಟದ ಮೇಲೆ ಒಂದೇ ದೊಡ್ಡ ಟವರ್ ನಿಲ್ಲಿಸಿದರೆ ಇಡೀ ಮೈಸೂರಿಗೆ ಬ್ರಾಡ್‌ಬ್ಯಾಂಡ್ ಆಗುವುದಿಲ್ಲವೆ? ಬೀದಿಗೊಂದು ಟವರ್ ಏಕೆ?
(ಕುವೆಂಪುನಗರ, ಮೈಸೂರು)

ರೇಡಿಯೊ ಕೇಳಿಸುವುದಾದರೆ ಆಗುತ್ತಿತ್ತು. 1935ರಲ್ಲಿ ಮಹಾರಾಜ ಕಾಲೇಜಿನ ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನಲ್ಲಿ ಪ್ರಸಾರ ಶುರುಮಾಡಿ 'ಆಕಾಶವಾಣಿ' ಎಂಬ ಹೆಸರು ಬಳಕೆಗೆ ತಂದಾಗ ಒಂದು ಪ್ರೇಷಕದಿಂದಲೇ ಎಲ್ಲ ಮನೆಗೂ ದನಿ ಹೋಯಿತು. ಎಲ್ಲರೂ ಕೇಳುತ್ತಿದ್ದದ್ದು ಒಂದನ್ನೇ. ಬ್ರಾಡ್‌ಬ್ಯಾಂಡಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಬೇಕು, ಎಲ್ಲವೂ ಅದೇ ತರಂಗಗುಚ್ಛದಲ್ಲಿ ಹಂಚಿಕೆಯಾಗಬೇಕು. 20 ಮೆಗಾಹರ್ಟ್ಸ್ ಇದ್ದು, ಹರ್ಟ್ಸಿಗೆ ಸರಾಸರಿ 2 ಬಿಟ್ ಬಂದರೆ ಒಂದು ದಿಕ್ಕಿಗೆ 40 ಎಂಬಿಪಿಎಸ್, ಮೂರು ದಿಕ್ಕಿಗೆ 120. ಏಕಕಾಲಕ್ಕೆ ಸಾವಿರ ಮಂದಿ ಕೂತರೆ ತಲೆಗೆ 0.12 ಎಂಬಿಪಿಎಸ್. ಟವರ್ ಚಿಕ್ಕದಾಗಿ, ಹತ್ತಿರ ಹತ್ತಿರ ಇದ್ದರೆ ಅದೇ 20 ಮೆಗಾಹರ್ಟ್ಸನ್ನು ಬಡಾವಣೆಗೊಮ್ಮೆ ಮತ್ತೆ ಬಳಸಬಹುದು. ಬೆಟ್ಟದ ತುದಿಯ ಆಂಟೆನಾ ಎಲ್ಲ ಬಡಾವಣೆಗೂ ಕಾಣುವುದರಿಂದ ಎಲ್ಲ ಕಡೆ ಗದ್ದಲವನ್ನೇ ಹಂಚುತ್ತದೆ. ಎತ್ತರದ ಜಾಗ ಟವರ್‌ನಿಂದ ಟವರ್‌ಗೆ ಮೈಕ್ರೋವೇವ್ ಕೊಂಡಿ ಹಾಕಲು ಒಳ್ಳೆಯದು.

ಪ್ರಶ್ನೆ: ನಮ್ಮ ಹಳ್ಳಿಯಲ್ಲಿ ಫೋನಿಗೆ ಪಾಠದ ವಿಡಿಯೊ ಇಳಿಯುತ್ತದೆ, ಆದರೆ ಮಕ್ಕಳ ಫೋಟೊ ಕಳಿಸಲು ಹೋದರೆ ಸುತ್ತುತ್ತಲೇ ಇರುತ್ತದೆ. 5ಜಿಯಲ್ಲಿ ಭಾರತದ ಹಳ್ಳಿಗಳಿಗೆಂದೇ ಏನೋ ಸೇರಿಸಿದ್ದಾರೆ ಎಂದು ಓದಿದ್ದೆ. ಅದೇನು?
(ಶಿಕ್ಷಕಿ, ಎಚ್.ಡಿ. ಕೋಟೆ ತಾಲ್ಲೂಕು)

ನೀವು ಹೇಳುತ್ತಿರುವ ತೊಂದರೆಯೇ ಆ ಸೇರ್ಪಡೆಗೆ ಕಾರಣ. ಟವರ್ 40 ವ್ಯಾಟ್‌ನಲ್ಲಿ ಕೂಗುತ್ತದೆ ಎಂದುಕೊಳ್ಳಿ. ನಿಮ್ಮ ಫೋನಿಗಿರುವುದು 0.2 ವ್ಯಾಟ್. ಇನ್ನೂರು ಪಟ್ಟು ವ್ಯತ್ಯಾಸ. ಅದರ ಮಾತು ನಿಮಗೆ ಕೇಳುತ್ತದೆ, ನಿಮ್ಮ ಮಾತು ಅದಕ್ಕೆ ಕೇಳುವುದಿಲ್ಲ.

5ಜಿಯ ಮಾನದಂಡ ರೂಪಿಸುವಾಗ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ, ಅಂದರೆ ಐಟಿಯು, ಗ್ರಾಮೀಣ ಪರೀಕ್ಷೆಗೆಂದು ಇಟ್ಟುಕೊಂಡಿದ್ದ ಟವರ್ ಅಂತರ 1,732 ಮೀಟರ್. ನಮ್ಮಲ್ಲಿ ಅಷ್ಟಷ್ಟು ದೂರಕ್ಕೆ ಹಳ್ಳಿಯಲ್ಲಿ ಟವರ್ ಹಾಕುವವರು ಯಾರು? ಫೈಬರ್ ಪಂಚಾಯಿತಿ ಕಟ್ಟಡಕ್ಕೆ ಬಂದು ನಿಲ್ಲುತ್ತದೆ, ಸುತ್ತಲ ಊರುಗಳು ಅಲ್ಲಿಂದ ಎರಡು ಮೂರು ಕಿ.ಮೀ. ದೂರ. ಭಾರತದ ಮಾನದಂಡ ಸಂಸ್ಥೆ ಟಿಎಸ್‌ಡಿಎಸ್‌ಐ ಮೂಲಕ ಐಐಟಿಗಳು ಮತ್ತು ಚೆನ್ನೈನ ನಿಸ್ತಂತು ಸಂಶೋಧನಾ ಕೇಂದ್ರ ಸೆವಿಟ್ ಸೇರಿ 6 ಕಿ.ಮೀ. ಅಂತರದ ಇನ್ನೊಂದು ಪರೀಕ್ಷೆಯನ್ನು ಸೇರಿಸಬೇಕೆಂದು ಪಟ್ಟುಹಿಡಿದವು. 2017ರಲ್ಲಿ ಅದು ಒಪ್ಪಿಗೆಯಾಯಿತು. ಹೆಸರು ಎಲ್‌ಎಂಎಲ್‌ಸಿ, ಅಂದರೆ ಓಡಾಟ ಕಡಿಮೆ ಇರುವ ದೊಡ್ಡ ಸೆಲ್ (ಸೆಲ್ ಎಂದರೆ ಒಂದು ಟವರ್ ವ್ಯಾಪ್ತಿ). 1.7ರಿಂದ 6 ಕಿ.ಮೀ.ಗೆ ಹೋದರೆ ಅದೇ ವಿಸ್ತೀರ್ಣಕ್ಕೆ ಬೇಕಾದ ಟವರ್ ಹನ್ನೆರಡರಲ್ಲಿ ಒಂದಕ್ಕೆ ಇಳಿಯುತ್ತದೆ. ಕಾಗದದ ಮೇಲೆ ಒಂದು ಸಾಲು, ನೆಲದ ಮೇಲೆ ಕೋಟಿಗಳ ಲೆಕ್ಕ.

ಅಷ್ಟು ದೂರದಿಂದ ಫೋನಿನ ದನಿ ಮುಟ್ಟಿಸಲು ಇವರು ಬಳಸಿದ ಉಪಾಯಕ್ಕೆ ಪೈ ಬೈ ಟೂ ಬಿಪಿಎಸ್‌ಕೆ ಎಂಬ ಒರಟು ಹೆಸರಿದೆ. ಉಬ್ಬುತಗ್ಗಿನ ದಾರಿಯಲ್ಲಿ ಬಿಂದಿಗೆ ಹೊತ್ತವರು ತುಳುಕದಿರಲಿ ಎಂದು ಮುಕ್ಕಾಲು ತುಂಬಿಸುತ್ತಾರೆ. ದಾರಿ ಸಮವಾಗಿದ್ದರೆ ಕಂಠಮಟ್ಟ ತುಂಬಿಸಬಹುದು. ಸಾಮಾನ್ಯ ಅಲೆಗೆ ಏರಿಳಿತ ಹೆಚ್ಚು, ಆದ್ದರಿಂದ ಫೋನಿನ ಆಂಪ್ಲಿಫೈಯರ್ ತನ್ನ ಪೂರ್ಣ ಶಕ್ತಿಗಿಂತ ಹಿಂದೆಯೇ ನಿಲ್ಲಬೇಕು. ಏರಿಳಿತ ತಗ್ಗಿಸಿದ ಅಲೆಯಾದರೆ ಅದೇ ಆಂಪ್ಲಿಫೈಯರ್ ಪೂರ್ತಿ ದುಡಿಯುತ್ತದೆ. ಇದನ್ನೊಳಗೊಂಡ '5ಜಿಐ' ಮಾನದಂಡಕ್ಕೆ ಐಟಿಯು 2020ರಲ್ಲಿ ಒಪ್ಪಿಗೆ ಕೊಟ್ಟಿತು. ಆಮೇಲೆ ಅದು ಪ್ರತ್ಯೇಕವಾಗಿ ಉಳಿಯದೆ, ಮೊಬೈಲ್ ಜಾಲಗಳ ಮಾನದಂಡ ರೂಪಿಸುವ ಜಾಗತಿಕ ಕೂಟವಾದ 3ಜಿಪಿಪಿಯ 17ನೇ ಆವೃತ್ತಿಯೊಳಗೆ ಸೇರಿಹೋಯಿತು. ಕೆಲವರು ಇದನ್ನು ಸೋಲು ಎಂದರು. ನಮಗೆ ಹಾಗನ್ನಿಸುವುದಿಲ್ಲ: ಬೇರೆ ಮಾನದಂಡವಾಗಿದ್ದರೆ ಅದಕ್ಕೆಂದೇ ಬೇರೆ ಚಿಪ್, ಬೇರೆ ಫೋನು ಬೇಕಾಗುತ್ತಿತ್ತು, ಬೆಲೆಯನ್ನು ನಿಮ್ಮ ಹಳ್ಳಿಯವರೇ ತೆರಬೇಕಾಗಿತ್ತು.

ಈಗ ನೀವು ಮಾಡಬಹುದಾದದ್ದು. ಹೊಸ ಫೋನ್ ಕೊಳ್ಳುವಾಗ 700 ಮೆಗಾಹರ್ಟ್ಸ್, ಅಂದರೆ ಬ್ಯಾಂಡ್ 28, ಇದೆಯೇ ನೋಡಿ. ನಿಮ್ಮ ಕಡೆಯ ಟವರ್‌ನಲ್ಲಿ ಆ ಬ್ಯಾಂಡ್ ಇದೆಯೇ ಎಂದೂ ಕೇಳಿಕೊಳ್ಳಿ. 3,500 ಮೆಗಾಹರ್ಟ್ಸ್‌ಗೆ ಹೋಲಿಸಿದರೆ ಅದಕ್ಕೆ ದಾರಿಯ ನಷ್ಟ 14 ಡೆಸಿಬೆಲ್ ಕಡಿಮೆ. ಶಾಲೆಗೆ ಹೊರ ಆಂಟೆನಾ ಜೋಡಿಸಬಹುದಾದ ಸಿಮ್ ರೂಟರ್ ತಂದು, ಆಂಟೆನಾವನ್ನು ಚಾವಣಿಯ ಮೇಲೆ ಟವರ್ ಕಡೆ ತಿರುಗಿಸಿ. ತಂತಿ 5 ಮೀಟರ್ ಮೀರದಿರಲಿ, ಮೀರಿದರೆ ಆಂಟೆನಾ ಗಳಿಸಿದ್ದನ್ನು ತಂತಿಯೇ ತಿನ್ನುತ್ತದೆ. ಬಜಾರಿನ 'ಸಿಗ್ನಲ್ ಬೂಸ್ಟರ್' ಬೇಡ. ಅನುಮತಿಯಿಲ್ಲದೆ ಅದನ್ನು ಹಾಕುವುದು ಅಪರಾಧ, ಮೇಲಾಗಿ ಅದರ ಗದ್ದಲ ಟವರ್‌ನ ಕಿವಿಗೆ ಬಿದ್ದು ಸುತ್ತಲ ಎಲ್ಲರ ಫೋನೂ ಕೆಡುತ್ತದೆ.

ಪ್ರಶ್ನೆ: ಅಂತಿಮ ವರ್ಷದ ಎಲೆಕ್ಟ್ರಾನಿಕ್ಸ್ ವಿದ್ಯಾರ್ಥಿ ನಾನು. ಕಾರ್‌ಡೆಕ್ಟ್ ಎಂಬ ಭಾರತೀಯ ನಿಸ್ತಂತು ವ್ಯವಸ್ಥೆ ಇತ್ತಂತೆ, ಈಗಿಲ್ಲ. ಬಿಎಸ್‌ಎನ್‌ಎಲ್ 4ಜಿ 'ದೇಶೀಯ' ಎನ್ನುತ್ತಾರೆ. ಅದಕ್ಕೂ ಇದೇ ಗತಿಯೆ? ಯೋಜನೆಗೆ ನಾವೇನು ಮಾಡಬಹುದು?
(ಮಂಡ್ಯ)

ಸ್ವಲ್ಪ ಹಿಂದಿನಿಂದ ಬರೋಣ. 1984ರಲ್ಲಿ ಕೇಂದ್ರ ಸರ್ಕಾರದ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್ ಹುಟ್ಟಿತು. ಅದರ 128 ಲೈನಿನ ಗ್ರಾಮೀಣ ಎಕ್ಸ್‌ಚೇಂಜ್ ಮೊದಲು ಕೆಲಸಕ್ಕೆ ನಿಂತದ್ದು ನಮ್ಮ ಕಿತ್ತೂರಿನಲ್ಲಿ, 1986ರಲ್ಲಿ. ಹೊರಗಿನ ಎಕ್ಸ್‌ಚೇಂಜುಗಳಿಗೆ ಹವಾನಿಯಂತ್ರಣ ಬೇಕಿತ್ತು, ಇದಕ್ಕೆ ಬೇಡ. ಧೂಳು, ಸೆಕೆ, ಕೈಕೊಡುವ ಕರೆಂಟು ಇವನ್ನೇ ಎದುರಿಗಿಟ್ಟುಕೊಂಡು ವಿನ್ಯಾಸ ಮಾಡಿದ್ದರು. ಅದಕ್ಕಿಂತ ದೊಡ್ಡ ಕೆಲಸ ಇನ್ನೊಂದಿದೆ. ಸಿ-ಡಾಟ್ ತಾನೇ ಕಾರ್ಖಾನೆ ಹಾಕದೆ ವಿನ್ಯಾಸವನ್ನು ಹಲವು ತಯಾರಕರಿಗೆ ಪರವಾನಗಿ ಮೇಲೆ ಕೊಟ್ಟಿತು. ಪ್ರಯೋಗಾಲಯದ ನಕ್ಷೆ ಒಬ್ಬ ಕಾರ್ಖಾನೆದಾರನ ಸೊತ್ತಾಗಿ ಉಳಿಯಲಿಲ್ಲ.

ಕಾರ್‌ಡೆಕ್ಟ್ 1990ರ ದಶಕದ್ದು. ಐಐಟಿ ಮದ್ರಾಸ್‌ನಲ್ಲಿ ಅಶೋಕ್ ಝುನ್‌ಝುನ್‌ವಾಲಾ ಮತ್ತು ಸಂಗಡಿಗರ ಟೆನೆಟ್ ಬಳಗ, ಚೆನ್ನೈನ ಮೈಡಾಸ್ ಕಂಪನಿ, ಚಿಪ್‌ಗೆ ಅಮೆರಿಕದ ಅನಲಾಗ್ ಡಿವೈಸಸ್ ಸೇರಿ ಮಾಡಿದ್ದು. ಡೆಕ್ಟ್ ಎಂಬುದು ಮನೆಯೊಳಗಿನ ಕಾರ್ಡ್‌ಲೆಸ್ ಫೋನಿಗೆಂದು ಯುರೋಪಿನಲ್ಲಿ ಆದ ಮಾನದಂಡ. ಅದನ್ನೇ ಎಳೆದು, ಗ್ರಾಹಕನ ಮನೆ ಮೇಲೆ ದಿಕ್ಕಿನ ಆಂಟೆನಾ ಕೂರಿಸಿ, ನೇರ ದೃಷ್ಟಿ ಇದ್ದರೆ 10 ಕಿ.ಮೀ., ನಡುವೆ ಮರುಪ್ರಸಾರ ನಿಲ್ದಾಣ ಇಟ್ಟರೆ 25 ಕಿ.ಮೀ. ಮುಟ್ಟಿಸಿದರು. ಫೋನೂ ನೆಟ್ಟೂ ಒಟ್ಟಿಗೆ. ವೇಗ 35 ಅಥವಾ 70 ಕೆಬಿಪಿಎಸ್. ಡಯಲ್‌ಅಪ್ ಕಾಲಕ್ಕೆ ಅದು ಚೆನ್ನಾಗಿಯೇ ಇತ್ತು, ಹೊರದೇಶಗಳಿಗೂ ಹೋಯಿತು. 2004ರ ಬ್ರಾಡ್‌ಬ್ಯಾಂಡ್ ನೀತಿ ಕನಿಷ್ಠ 256 ಕೆಬಿಪಿಎಸ್ ಎಂದಿತು. ಈಗ ಆ ಗೆರೆ 2 ಎಂಬಿಪಿಎಸ್. ಡೆಕ್ಟ್‌ನ ಕಿರಿದಾದ ಪಟ್ಟಿಯಲ್ಲಿ ಅಷ್ಟು ದೂರ ಏರಲು ಜಾಗವಿರಲಿಲ್ಲ. ತಂತ್ರಜ್ಞಾನ ಕೆಟ್ಟದ್ದೆಂದು ನಿಂತದ್ದಲ್ಲ, ಆಧಾರವಾಗಿ ಹಿಡಿದ ಮಾನದಂಡಕ್ಕೆ ಮುಂದಿನ ಮೆಟ್ಟಿಲು ಇರಲಿಲ್ಲ.

ಬಿಎಸ್‌ಎನ್‌ಎಲ್ ವಿಷಯ ಇಲ್ಲೇ ಬೇರೆಯಾಗುತ್ತದೆ. 2025ರ ಸೆಪ್ಟೆಂಬರ್ 27ರಂದು ಉದ್ಘಾಟನೆಯಾದ ಆ ಜಾಲದಲ್ಲಿ ಕೋರ್, ಅಂದರೆ ಎಲ್ಲ ಟವರ್‌ಗಳನ್ನು ನಡೆಸುವ ನಡುವಿನ ಮಿದುಳು, ಸಿ-ಡಾಟ್‌ನದು, ಟವರ್‌ನ ರೇಡಿಯೊ ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್‌ನದು, ಜೋಡಣೆ ಟಿಸಿಎಸ್‌ನದು. ಮಾನದಂಡ ಜಗತ್ತೆಲ್ಲ ಬಳಸುವ 3ಜಿಪಿಪಿಯದೇ. ಆದ್ದರಿಂದ 5ಜಿಗೆ ಏರುವ ದಾರಿ ತೆರೆದಿದೆ. ಒಳಗಿನ ಮುಖ್ಯ ಚಿಪ್‌ಗಳು ಹೊರಗೇ ತಯಾರಾಗುತ್ತವೆ; 'ದೇಶೀಯ' ಎಂಬ ಮಾತು ವಿನ್ಯಾಸ ಮತ್ತು ಸಾಫ್ಟ್‌ವೇರಿಗೆ ಸಲ್ಲುತ್ತದೆ, ಸಿಲಿಕಾನಿಗಲ್ಲ. ಆದರೂ ಇದು ಸಣ್ಣದಲ್ಲ. ಟವರ್‌ನಲ್ಲಿ ದೋಷ ಕಂಡರೆ ಕೋಡ್ ತಿದ್ದುವವರು ಬೆಂಗಳೂರು, ದೆಹಲಿಯಲ್ಲಿದ್ದಾರೆ.

ಐಐಟಿ ಮದ್ರಾಸ್, ದೆಹಲಿ, ಹೈದರಾಬಾದ್, ಬಾಂಬೆ, ಕಾನ್ಪುರ, ನಮ್ಮ ಐಐಎಸ್‌ಸಿ, ಮೈಕ್ರೋವೇವ್ ಸಂಶೋಧನೆಯ ಸರ್ಕಾರಿ ಸಂಸ್ಥೆ ಸಮೀರ್, ಸೆವಿಟ್ ಈ ಎಂಟೂ ಸೇರಿ ಕಟ್ಟಿದ 5ಜಿ ಪರೀಕ್ಷಾ ಜಾಲ 2022ರ ಮೇನಲ್ಲಿ ಆರಂಭವಾಯಿತು. ಖರ್ಚು 220 ಕೋಟಿಗೂ ಮೇಲೆ. ನಿಮ್ಮ ಮಟ್ಟಕ್ಕೆ ಅಷ್ಟು ಬೇಡ. ಒಂದು ಒಳ್ಳೆಯ ಪಿಸಿ, ಟವರ್‌ನ ಪಾತ್ರಕ್ಕೆ ಒಂದು ಸಾಫ್ಟ್‌ವೇರ್ ರೇಡಿಯೊ ಬೋರ್ಡ್, ಎಸ್‌ಆರ್‌ಎಸ್‌ರಾನ್ ಅಥವಾ ಓಪನ್‌ಏರ್‌ಇಂಟರ್‌ಫೇಸ್, ಕೋರ್‌ಗೆ ಓಪನ್5ಜಿಎಸ್. ಎಲ್ಲವೂ ಮುಕ್ತ ತಂತ್ರಾಂಶ. ಪ್ರಾರಂಭಕ್ಕೆ 4ಜಿ, 10 ಮೆಗಾಹರ್ಟ್ಸ್ ಸಾಕು. ಆಂಟೆನಾ ಮಾತ್ರ ಹಾಕಬೇಡಿ. ಅದು ಪರವಾನಗಿ ಇರುವ ಪಟ್ಟಿ, ಲ್ಯಾಬಿನಿಂದ ಹೊರಗೆ ಹೋದರೆ ತಪ್ಪು. ಬೋರ್ಡನ್ನೂ ಮೋಡೆಮ್ಮನ್ನೂ ಕೇಬಲ್‌ನಲ್ಲಿ ಜೋಡಿಸಿ ನಡುವೆ 30 ಡೆಸಿಬೆಲ್‌ನ ಎರಡು ಅಟೆನ್ಯುಯೇಟರ್ (ಸಿಗ್ನಲ್ ತಗ್ಗಿಸುವ ತುಂಡು) ಹಾಕಿ. ಅಟೆನ್ಯುಯೇಟರ್ ಇಲ್ಲದೆ ನೇರ ಜೋಡಿಸಿದರೆ ಬೋರ್ಡ್‌ನ ರಿಸೀವರ್ ಸುಡುತ್ತದೆ. ಮೋಡೆಮ್ ಸೆಲ್ ಅನ್ನು ಹುಡುಕಿಯೂ ಸೇರದಿದ್ದರೆ ಬಹಳ ಸಲ ಬೋರ್ಡ್‌ನ ಗಡಿಯಾರವೇ ಕಾರಣ. 10 ಮೆಗಾಹರ್ಟ್ಸ್‌ನ ನಿಖರ ಹೊರ ಗಡಿಯಾರ ಕೊಟ್ಟು ನೋಡಿ. ಆಮೇಲೆ ಅಟೆನ್ಯುಯೇಟರ್ ಒಂದೊಂದಾಗಿ ಏರಿಸುತ್ತ ಅಪ್‌ಲಿಂಕ್ ಎಲ್ಲಿ ಸಾಯುತ್ತದೆ, ಡೌನ್‌ಲಿಂಕ್ ಎಲ್ಲಿ ಸಾಯುತ್ತದೆ ಎಂದು ಅಳೆದರೆ ಮೇಲಿನ ಶಿಕ್ಷಕಿಯವರ ಪ್ರಶ್ನೆಗೆ ನಿಮ್ಮ ಮೇಜಿನ ಮೇಲೆಯೇ ಉತ್ತರ ಸಿಗುತ್ತದೆ. ಯೋಜನೆಗೆ ಅದೇ ಒಳ್ಳೆಯ ವಿಷಯ.

ಪ್ರಶ್ನೆ: ನಮ್ಮದು ಸಣ್ಣ ಘಟಕ. 5.8 ಗಿಗಾಹರ್ಟ್ಸ್‌ಗೆ ಪ್ಯಾಚ್ ಆಂಟೆನಾ (ಸರ್ಕ್ಯೂಟ್ ಹಾಳೆಯ ಮೇಲೆ ಕೊರೆದ ತಾಮ್ರದ ತುಂಡು) ಮಾಡಲು ಹೊರಟಿದ್ದೇವೆ. ಮಾಮೂಲಿ ಎಫ್‌ಆರ್-4 ಹಾಳೆಯಲ್ಲಿ ಐದು ಮಾದರಿ ಮಾಡಿಸಿದರೆ ಐದೂ ಬೇರೆ ಬೇರೆ ಆವರ್ತನ ತೋರುತ್ತಿವೆ. ಸಂಶೋಧನಾ ನೆರವು ಎಲ್ಲಿ ಸಿಗುತ್ತದೆ?
(ಹೆಬ್ಬಾಳ ಕೈಗಾರಿಕಾ ಪ್ರದೇಶ, ಮೈಸೂರು)

ನೆರವಿನ ಮಾತು ಆಮೇಲೆ. ಮೊದಲು ಹಾಳೆ ಬದಲಿಸಿ.

5.8ಕ್ಕೆ ಎಫ್‌ಆರ್-4 ಮೇಲಿನ ಪ್ಯಾಚ್ ಉದ್ದ ಸುಮಾರು 12 ಮಿ.ಮೀ. ಎಚಿಂಗ್‌ನಲ್ಲಿ 0.2 ಮಿ.ಮೀ. ಹೆಚ್ಚುಕಮ್ಮಿಯಾದರೆ ಆವರ್ತನ 95 ಮೆಗಾಹರ್ಟ್ಸ್‌ನಷ್ಟು ಜರುಗುತ್ತದೆ. ನಿಮಗಿರುವ ಪಟ್ಟಿಯೇ 5,725ರಿಂದ 5,875, ಬರೀ 150 ಮೆಗಾಹರ್ಟ್ಸ್. ಅದಕ್ಕಿಂತ ದೊಡ್ಡ ಕಳ್ಳ ಹಾಳೆಯ ಡೈಎಲೆಕ್ಟ್ರಿಕ್ ಅಂಕಿ, ಅಂದರೆ ಹಾಳೆಯೊಳಗೆ ಅಲೆ ಎಷ್ಟು ಕುಗ್ಗುತ್ತದೆ ಎಂಬುದರ ಅಳತೆ. ಎಫ್‌ಆರ್-4ರಲ್ಲಿ ಅದು ಲಾಟಿನಿಂದ ಲಾಟಿಗೆ 4.2ರಿಂದ 4.6ರವರೆಗೆ ಓಡಾಡುತ್ತದೆ, ಅದೊಂದರಿಂದಲೇ ಆ ಕಡೆ ಈ ಕಡೆ 130 ಮೆಗಾಹರ್ಟ್ಸ್. ಜೊತೆಗೆ ಅದರ ನಷ್ಟದ ಅಂಕಿ 0.02, ಕೊಟ್ಟ ಶಕ್ತಿಯಲ್ಲಿ ಮೂರರಲ್ಲೊಂದು ಪಾಲು ಹಾಳೆಯೊಳಗೇ ಬಿಸಿಯಾಗಿ ಹೋಗಬಹುದು. ಆರ್‌ಎಫ್‌ಗೆಂದೇ ಮಾಡಿದ ಹಾಳೆಗಳಲ್ಲಿ ಇದು 0.003ರ ಆಸುಪಾಸು. ಬೆಲೆ ಕೆಲವು ಪಟ್ಟು ಜಾಸ್ತಿ ಎಂದು ಹಿಂಜರಿಯುತ್ತೀರಿ, ಆದರೆ ತಿರಸ್ಕೃತ ಮಾದರಿಗಳ ಲೆಕ್ಕ ಸೇರಿಸಿದರೆ ಅಂತರ ಕರಗುತ್ತದೆ.

ಪ್ಯಾಚ್ ಮೇಲೆ ಹಸಿರು ಸೋಲ್ಡರ್ ಮಾಸ್ಕ್ ಬೇಡ, ಅದೂ ಆವರ್ತನವನ್ನು ಇಳಿಸುತ್ತದೆ. ಪ್ಲಾಸ್ಟಿಕ್ ಮುಚ್ಚಳ ಹಾಕಿದ ಮೇಲೆಯೇ ಅಳೆಯಿರಿ, ಬರಿಮೈ ಆಂಟೆನಾ ಅಳೆದು ಮುಚ್ಚಳ ಹಾಕಿ ಕಳಿಸಿದವರ ಮಾಲು ವಾಪಸು ಬರುತ್ತದೆ. ಮುಚ್ಚಳಕ್ಕೆ ಎಬಿಎಸ್ ಬೇಡ, ಬಿಸಿಲಿಗೆ ಹಳದಿಯಾಗಿ ಸೀಳುತ್ತದೆ; ಎಎಸ್‌ಎ ಬಳಸಿ. ಅಳತೆಗೆ 6 ಗಿಗಾಹರ್ಟ್ಸ್ ಮೀರುವ ನೆಟ್‌ವರ್ಕ್ ಅನಲೈಸರ್ ಬೇಕು. ಅಗ್ಗದ ಅಂಗೈ ಯಂತ್ರಗಳಲ್ಲಿ ಹಲವು ಅದಕ್ಕಿಂತ ಕೆಳಗೇ ನಿಲ್ಲುತ್ತವೆ. ಕ್ಯಾಲಿಬ್ರೇಶನ್ ಅನ್ನು ಯಂತ್ರದ ಬಾಯಲ್ಲಿ ಮಾಡಬೇಡಿ, ಕೇಬಲ್ಲಿನ ತುದಿಯಲ್ಲಿ ಮಾಡಿ. ಪಟ್ಟಿಯುದ್ದಕ್ಕೂ ಎಸ್11, ಅಂದರೆ ಆಂಟೆನಾದಿಂದ ವಾಪಸು ಬರುವ ಶಕ್ತಿ, ಮೈನಸ್ 10 ಡೆಸಿಬೆಲ್‌ಗಿಂತ ಕೆಳಗಿದ್ದರೆ ಮುಂದೆ ಹೋಗಿ.

ಇನ್ನು ನೆರವು. 2022ರ ಅಕ್ಟೋಬರ್‌ನಿಂದ ದೂರಸಂಪರ್ಕ ತಂತ್ರಜ್ಞಾನ ಅಭಿವೃದ್ಧಿ ನಿಧಿ, ಅಂದರೆ ಟಿಟಿಡಿಎಫ್, ಇದೆ. ಹಣ ಈಗಿನ ಡಿಜಿಟಲ್ ಭಾರತ್ ನಿಧಿಯಿಂದ ಬರುತ್ತದೆ. ಕಾಲೇಜು ಅಥವಾ ಸಂಶೋಧನಾ ಸಂಸ್ಥೆಯೊಡನೆ ಕೂಡಿ ಅರ್ಜಿ ಹಾಕುವುದು ಜಾಣತನ. ಮೈಸೂರಿನ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಮೈಕ್ರೋವೇವ್ ಲ್ಯಾಬ್‌ಗಳಿವೆ, ಮೊದಲು ಅಲ್ಲಿಗೇ ಹೋಗಿ. ಅರ್ಜಿಯಲ್ಲಿ 'ಆಂಟೆನಾ ಮಾಡುತ್ತೇವೆ' ಎಂದರೆ ಸಾಲದು. ಯಾವ ರೇಡಿಯೊಗೆ, ಎಷ್ಟು ಗೇನ್, ಯಾರು ಕೊಳ್ಳುತ್ತಾರೆ ಎಂದು ಬರೆಯಿರಿ. 12,195 ಕೋಟಿಯ ಉತ್ಪಾದನಾ ಪ್ರೋತ್ಸಾಹ ಯೋಜನೆ ಎಂದು ಯಾರಾದರೂ ಆಸೆ ಹುಟ್ಟಿಸಿದರೆ, ಅದರಲ್ಲಿ ಸಣ್ಣ ಉದ್ಯಮಕ್ಕೂ ಹೂಡಿಕೆಯ ಗೆರೆ 10 ಕೋಟಿ ಎಂಬುದು ನೆನಪಿರಲಿ. ಮುಂದೆ ರೇಡಿಯೊವನ್ನೂ ಸೇರಿಸಿ ಮಾರುವುದಾದರೆ ಇಟಿಎ ಮತ್ತು ದೂರಸಂಪರ್ಕ ಎಂಜಿನಿಯರಿಂಗ್ ಕೇಂದ್ರದ (ಟಿಇಸಿ) ಕಡ್ಡಾಯ ಪರೀಕ್ಷೆಗೆ ಸಮಯ, ಹಣ ಎರಡನ್ನೂ ಮೊದಲೇ ಲೆಕ್ಕದಲ್ಲಿಡಿ.

ಪ್ರಶ್ನೆ: ಬಸ್ ನಿಲ್ದಾಣದ ಬಳಿ ಅಂಗಡಿ ಇದೆ. ಫೈಬರ್ ಹಾಕಿಸಿದ್ದೇನೆ. ಗಿರಾಕಿಗಳಿಗೆ ದುಡ್ಡಿಗೆ ವೈಫೈ ಕೊಡಬಹುದೆ?
(ಶ್ರೀರಂಗಪಟ್ಟಣ)

ನಿಮ್ಮ ಮನೆ ಪ್ಲಾನಿನ ಪಾಸ್‌ವರ್ಡ್ ಮಾರಿದರೆ ಕಾನೂನುಬಾಹಿರ. ಆ ವೈಫೈನಿಂದ ಯಾರೋ ಏನೋ ಮಾಡಿದರೂ ಪೊಲೀಸರು ಬರುವುದು ನಿಮ್ಮ ಹೆಸರಿಗೆ. ಸರಿಯಾದ ದಾರಿ ಪಿಎಂ-ವಾಣಿ. 2020ರ ಡಿಸೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಯೋಜನೆ. ಅದರಲ್ಲಿ ಅಂಗಡಿಯವರು ಪಿಡಿಒ, ಅಂದರೆ ಸಾರ್ವಜನಿಕ ಡೇಟಾ ಕಚೇರಿ; ಪರವಾನಗಿ, ನೋಂದಣಿ, ಶುಲ್ಕ ಯಾವುದೂ ಇಲ್ಲ. ನಿಮ್ಮ ಮೇಲೆ, ಇಂಥ ಪಿಡಿಒಗಳನ್ನು ಒಗ್ಗೂಡಿಸುವ ಪಿಡಿಒಎ ಎಂಬ ಸಂಸ್ಥೆ ಇರುತ್ತದೆ. ಗಿರಾಕಿಯ ಗುರುತು, ಹಣ, ದಾಖಲೆ ಅದರ ಜವಾಬ್ದಾರಿ. ಎಲ್ಲರ ಪಟ್ಟಿ ಸಿ-ಡಾಟ್ ನೋಡಿಕೊಳ್ಳುವ ಕೇಂದ್ರ ದಾಖಲೆಯಲ್ಲಿರುತ್ತದೆ. ಪಿಡಿಒಎ ಆರಿಸಿಕೊಳ್ಳಿ, ಅವರು ಹೇಳಿದ ವಾಣಿ ಹೊಂದಿಕೆಯ ಆಕ್ಸೆಸ್ ಪಾಯಿಂಟ್ ಹಾಕಿ, ಇಂಟರ್ನೆಟ್ ಕಂಪನಿಗೆ ಪಿಡಿಒ ಸಂಪರ್ಕ ಬೇಕೆಂದು ಹೇಳಿ. 200 ಎಂಬಿಪಿಎಸ್‌ವರೆಗಿನ ಪ್ಲಾನಿಗೆ ಮನೆ ದರದ ಎರಡು ಪಟ್ಟಿಗಿಂತ ಹೆಚ್ಚು ತೆಗೆದುಕೊಳ್ಳುವಂತಿಲ್ಲ ಎಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2025ರ ಜೂನ್‌ನಲ್ಲಿ ಆದೇಶಿಸಿದೆ. ಅದಕ್ಕೆ ಮುಂಚೆ ಬಾಡಿಗೆ ಸಂಪರ್ಕದ ದರ ಕೇಳಿಯೇ ಅನೇಕರು ಕೈಬಿಟ್ಟಿದ್ದರು.

ಪೆಟ್ಟಿಗೆಯನ್ನು ಗಲ್ಲಾಪೆಟ್ಟಿಗೆ ಕೆಳಗೆ ಇಡಬೇಡಿ. ಮೂರು ಮೀಟರ್ ಎತ್ತರದಲ್ಲಿ, ಜನ ನಿಲ್ಲುವ ಕಡೆಗೆ ಮುಖಮಾಡಿ, ಕಬ್ಬಿಣದ ಶಟರ್‌ನಿಂದ ಆಚೆ ಇರಲಿ. 2.4 ಗಿಗಾಹರ್ಟ್ಸ್‌ನಲ್ಲಿ 1, 6, 11 ಬಿಟ್ಟು ಬೇರೆ ಚಾನೆಲ್ ಬೇಡ, ಅಗಲ 20 ಮೆಗಾಹರ್ಟ್ಸ್. ಒಬ್ಬರಿಗೆ 5 ಎಂಬಿಪಿಎಸ್ ಮಿತಿ ಹಾಕಿ. ದೂರದಲ್ಲಿ ಕೂತ ಒಬ್ಬನ ದುರ್ಬಲ ಫೋನು ಹತ್ತಿರದವರ ಸಮಯವನ್ನೂ ತಿನ್ನುತ್ತದೆ, ಆದ್ದರಿಂದ ಶಕ್ತಿ ಏರಿಸುವ ಬದಲು ನಿಲ್ದಾಣದ ಇನ್ನೊಂದು ತುದಿಗೆ ಎರಡನೇ ಪೆಟ್ಟಿಗೆ ಹಾಕುವುದು ಮೇಲು.

ಲಾಭದ ಲೆಕ್ಕ: ಮನೆ ದರ 600 ರೂಪಾಯಿ ಇರುವ ಪ್ಲಾನು ನಿಮಗೆ ಗರಿಷ್ಠ 1,200, ಜಿಎಸ್‌ಟಿ ಸೇರಿ 1,416. ಹತ್ತು ರೂಪಾಯಿಯ ವೋಚರ್ ಆದರೆ ತಿಂಗಳಿಗೆ 142 ಮಾರಿದರೆ ಅಸಲು, ಪಿಡಿಒಎ ಪಾಲು ಕಳೆದರೆ ಇನ್ನೂ ಹೆಚ್ಚು ಬೇಕು. ಅದೂ ಸೇರಿ ದಿನಕ್ಕೆ ಆರೇಳು ಎಂದಿಟ್ಟುಕೊಳ್ಳಿ. ಪೆಟ್ಟಿಗೆ ಕೊಳ್ಳುವ ಮೊದಲು ಒಂದು ವಾರ ಬೆಳಗ್ಗೆ 7ರಿಂದ 10, ಸಂಜೆ 4ರಿಂದ 7, ನಿಮ್ಮ ಅಂಗಡಿ ಮುಂದೆ ಕಾಲು ಗಂಟೆಗಿಂತ ಹೆಚ್ಚು ಬಸ್ಸಿಗೆ ಕಾಯುವವರನ್ನು ಎಣಿಸಿ ಬರೆದಿಡಿ. ಐದು ನಿಮಿಷಕ್ಕೊಂದು ಬಸ್ಸು ಬರುವ ಕಡೆ ವೋಚರ್ ಮಾರಾಟವಾಗುವುದಿಲ್ಲ.